ಭಾನುವಾರದ ಮಾತುಕತೆ: ಮುಳುಗಿದ ಹಡಗಿನ ತೊಗಲು

ಎಲ್ಲರಿಗೂ ನಮಸ್ಕಾರ. ನವೆಂಬರ್ 16, ಭಾನುವಾರ ಸಂಜೆ 7ಕ್ಕೆ ವಿಡಿಯೋ ಕಾಲ್ ಇದೆ. ಲಂಡನ್ ಕಡೆಯವರಿಗೆ ಮಧ್ಯಾಹ್ನ 1:30. ಚರ್ಮದ ಕೆಲಸ ಮಾಡುವವರು, ಸುಮ್ನೆ ಆಸಕ್ತಿ ಇರುವವರು, ಯಾರು ಬೇಕಾದರೂ ಬರಬಹುದು.

ವಿಷಯ ರಷ್ಯನ್ ಲೆದರ್, ಅಂದರೆ ಹಿಂದೆ ರಷ್ಯಾದಲ್ಲಿ ತಯಾರಾಗುತ್ತಿದ್ದ ಒಂದು ಬಗೆಯ ಚರ್ಮ. ತೊಗಲನ್ನು ವಿಲೋ ಮರದ ತೊಗಟೆಯಲ್ಲಿ ಹದ ಮಾಡಿ, ಬರ್ಚ್ ಮರದ ತೊಗಟೆಯಿಂದ ತೆಗೆದ ಎಣ್ಣೆ ಹಚ್ಚಿ, ಮೇಲೆ ಅಡ್ಡಡ್ಡ ಗೀರಿನ ಅಚ್ಚು ಒತ್ತುತ್ತಿದ್ದರು. ಆ ಎಣ್ಣೆಯ ಹೊಗೆಯಂಥ ವಾಸನೆಗೇ ಇದು ಹೆಸರುವಾಸಿ. 1917ರ ಕ್ರಾಂತಿಯ ನಂತರ ಈ ವಿದ್ಯೆ ಕೈತಪ್ಪಿಹೋಯಿತು. 1786ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಇಟಲಿಯ ಜಿನೋವಾಕ್ಕೆ ಹೊರಟಿದ್ದ 'ಮೆಟ್ಟಾ ಕ್ಯಾಥರೀನಾ' ಹಡಗು ಇಂಗ್ಲೆಂಡಿನ ಪ್ಲಿಮತ್ ಬಳಿ ಮುಳುಗಿತ್ತು. 1973ರಲ್ಲಿ ಅದು ಸಿಕ್ಕಾಗ ಒಳಗೆ ಇದೇ ತೊಗಲಿನ ಕಟ್ಟುಗಳು! ಕೆಸರಿನಲ್ಲಿ ಹೂತಿದ್ದರಿಂದ ಎಷ್ಟೋ ಬಳಸುವಂತೆಯೇ ಇದ್ದವು. ಆಮೇಲೆ ಇಂಗ್ಲೆಂಡಿನ ಡೆವನ್‌ನಲ್ಲಿ ಚರ್ಮ ಹದ ಮಾಡುವ ಬೇಕರ್ ಸಂಸ್ಥೆಯವರು ಇಂಥದ್ದನ್ನು ಹೊಸದಾಗಿ ತಯಾರಿಸಿದರು. ಫ್ರಾನ್ಸಿನ ದುಬಾರಿ ಬ್ಯಾಗುಗಳ ಎರ್ಮೆಸ್ ಕಂಪನಿ 'ವೋಲಿಂಕಾ' ಅನ್ನುವ ಹೆಸರಲ್ಲಿ ಅದರ ಬ್ಯಾಗು ಮಾಡಿತು. ಬೆಲೆ ಕೇಳಬೇಡಿ.

ಬರುವವರು ಶುಕ್ರವಾರದೊಳಗೆ ಇಲ್ಲೇ 'ಬರ್ತೀನಿ' ಅಂತ ಹಾಕಿ, ಪ್ರಶ್ನೆ ಇದ್ದರೆ ಜೊತೆಗೇ ಬರೆಯಿರಿ. ಲಿಂಕ್ ಶನಿವಾರ ಕಳಿಸುತ್ತೇನೆ. ನಮ್ಮ ಕಡೆ ತಂಗಡಿ ತೊಗಟೆಯಲ್ಲಿ ಹದ ಮಾಡುವುದನ್ನು ಕಂಡವರಿದ್ದರೆ ಹತ್ತು ನಿಮಿಷ ಮಾತಾಡಿ, ನನಗಂತೂ ಅದನ್ನು ಕೇಳುವ ಆಸೆಯೇ ಜಾಸ್ತಿ. ಹಳೆಯ ಬೆಲ್ಟ್, ಚಪ್ಪಲಿ ಏನಾದರೂ ಇದ್ದರೆ ಫೋಟೋ ಹಾಕಿ.

ಇನ್ನೊಂದು ಮಾತು. ಬರ್ಚ್ ಎಣ್ಣೆಯನ್ನು ಮನೆಯ ಒಲೆ ಮೇಲೆ ಕಾಯಿಸಲು ಹೋಗಬೇಡಿ, ಬೆಂಕಿ ಹತ್ತುತ್ತದೆ. ಈ ವಾರ ಬೇರೆ ಫಾರ್ವರ್ಡ್‌ಗಳನ್ನೂ ಸ್ವಲ್ಪ ತಡೆಹಿಡಿಯಿರಿ, ಉತ್ತರಗಳು ಕಳೆದುಹೋಗುತ್ತವೆ.