ಹಳೆಯ ಕಾರಿನ ಪ್ಲಾಸ್ಟಿಕ್‌ಗೆ ಬಣ್ಣಕ್ಕಿಂತ ಮೊದಲು ದುರಸ್ತಿ ಬೇಕು

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳ ಜೀರ್ಣೋದ್ಧಾರದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಎಂಜಿನ್, ತಗಡಿನ ಕೆಲಸ, ಸೀಟಿನ ಹೊದಿಕೆ ಮತ್ತು ಹೊರಮೈ ಬಣ್ಣಕ್ಕೆ ಧಾರಾಳವಾಗಿ ಜಾಗ ಸಿಗುತ್ತದೆ. ಡ್ಯಾಶ್‌ಬೋರ್ಡಿನ ಅಂಚುಪಟ್ಟಿ, ಬಾಗಿಲಿನ ಒಳಹಲಗೆ, ಮುಂಭಾಗದ ಗ್ರಿಲ್, ದೀಪದ ಸುತ್ತಿನ ಚೌಕಟ್ಟು ಮುಂತಾದ ಪ್ಲಾಸ್ಟಿಕ್ ಭಾಗಗಳ ಸರದಿ ಬಂದಾಗ ಮಾತ್ರ, ಪುಟ್ಟಿ ಹಚ್ಚಿ ಬಣ್ಣ ಹೊಡೆದರೆ ಸಾಕು ಎಂಬ ಒಂದು ವಾಕ್ಯದಲ್ಲಿ ಮಾತು ಮುಗಿಯುತ್ತದೆ. ಆದರೆ ಹಳೆಯ ಕಾರಿನಲ್ಲಿ ಮತ್ತೆ ಸಿಗದ ವಸ್ತುಗಳೆಂದರೆ ಇವೇ. ತುಕ್ಕು ಹಿಡಿದ ಮಡ್‌ಗಾರ್ಡನ್ನು ಟಿಂಕರಿಂಗ್ ಬಲ್ಲವರು ಹೊಸ ತಗಡಿನಲ್ಲಿ ತಟ್ಟಿ ತೆಗೆಯಬಲ್ಲರು, ಸವೆದ ಬುಷ್ಷನ್ನು ಲೇತಿನಲ್ಲಿ ಕಡೆಯಬಹುದು. ಪ್ಲಾಸ್ಟಿಕ್ ಭಾಗ ಹುಟ್ಟುವುದು ಉಕ್ಕಿನ ಅಚ್ಚಿನಲ್ಲಿ. ಆ ಮಾದರಿಯ ತಯಾರಿಕೆ ನಿಂತು ಅಚ್ಚು ಗುಜರಿ ಸೇರಿದ ಮೇಲೆ ಅದರ ತದ್ರೂಪನ್ನು ಮಾಡುವುದು ಬಹಳ ಕಷ್ಟ. ತ್ರೀ-ಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಆ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದು ಅಪರೂಪವೇನಲ್ಲ.

ಆದ್ದರಿಂದ ಬಿರುಕು ಬಿಟ್ಟ ಮೂಲ ಭಾಗವನ್ನು ಎಸೆಯಬಾರದು, ಅದರ ಮೇಲೆ ಬಣ್ಣ ಬಳಿದು ಸುಮ್ಮನಾಗಲೂಬಾರದು ಎಂಬುದು ನನ್ನ ವಾದ. ಬಣ್ಣದ ಪದರ ಎಷ್ಟು ತೆಳುವೆಂದರೆ ಬಿರುಕಿನ ಎರಡು ಬದಿಗಳನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಇಂಥ ಭಾಗಗಳಲ್ಲಿ ಸಾಮಾನ್ಯವಾಗಿ ಬಳಸುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಶಾಖಕ್ಕೆ ಉಕ್ಕಿಗಿಂತ ಆರೇಳು ಪಟ್ಟು ಹೆಚ್ಚು ಹಿಗ್ಗುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಇಂಥ ಭಾಗವನ್ನು ಉಕ್ಕಿನ ಚೌಕಟ್ಟಿಗೆ ಅಲುಗಾಡದಂತೆ ಬಿಗಿದರೆ ಎಳೆತವೆಲ್ಲ ಸ್ಕ್ರೂ ರಂಧ್ರದ ಸುತ್ತ ಸೇರುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಜೊತೆಗೆ ಬಿಸಿಲಿನ ನೇರಳಾತೀತ ಕಿರಣಗಳು ಎಬಿಎಸ್‌ನಲ್ಲಿರುವ ಬ್ಯುಟಾಡೈಯೀನ್ ರಬ್ಬರಿನ ಅಂಶವನ್ನು ಕೆಡಿಸಿ ಮೇಲ್ಪದರವನ್ನು ಪೆಡಸಾಗಿಸಿ ಸುಣ್ಣದ ಪುಡಿಯಂತೆ ಉದುರುವಂತೆ ಮಾಡುತ್ತವೆ. ಆ ಪದರದ ಮೇಲೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಅದು ಆ ಪುಡಿಗೆ ಅಂಟಿಕೊಂಡಿರುತ್ತದೆಯೇ ಹೊರತು ಪ್ಲಾಸ್ಟಿಕ್‌ಗಲ್ಲ.

ದುರಸ್ತಿಗೆ ಕೈ ಹಾಕುವ ಮೊದಲು ಕೈಯಲ್ಲಿರುವುದು ಯಾವ ಪ್ಲಾಸ್ಟಿಕ್ ಎಂದು ತಿಳಿಯಬೇಕು. ಇತ್ತೀಚಿನ ದಶಕಗಳ ಕಾರುಗಳಲ್ಲಿ ಭಾಗದ ಹಿಂಬದಿಯಲ್ಲೇ ವಸ್ತುವಿನ ಹೆಸರಿನ ಸಂಕೇತಾಕ್ಷರಗಳು ಮೂಡಿರುತ್ತವೆ. 1960 ಮತ್ತು 70ರ ದಶಕದ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆಗ ಕಾಣದ ಜಾಗದಿಂದ ಒಂದು ಚೂರನ್ನು ಕೆತ್ತಿ ನೀರಿಗೆ ಹಾಕಬಹುದು: ಪಾಲಿಪ್ರೊಪಿಲೀನ್ ಎಂಬ ಹಗುರ ಪ್ಲಾಸ್ಟಿಕ್ ತೇಲುತ್ತದೆ, ಎಬಿಎಸ್ ಮತ್ತು ಪಿವಿಸಿ ಮುಳುಗುತ್ತವೆ. ಟಾಲ್ಕ್ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಕೂಡ ಮುಳುಗಬಹುದಾದ್ದರಿಂದ ಇಷ್ಟಕ್ಕೇ ತೀರ್ಮಾನಿಸದೆ, ಹತ್ತಿಯನ್ನು ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿ ಹಿಂಬದಿಗೆ ಒತ್ತಿ ನೋಡಬೇಕು. ಎಬಿಎಸ್ ಆದರೆ ಮೇಲ್ಮೈ ಕರಗಿ ಅಂಟಂಟಾಗುತ್ತದೆ, ಪಾಲಿಪ್ರೊಪಿಲೀನ್‌ಗೆ ಏನೂ ಆಗುವುದಿಲ್ಲ. ಚೂರನ್ನು ಸುಟ್ಟು ವಾಸನೆ ನೋಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದು ಪಿವಿಸಿ ಆಗಿದ್ದರೆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಅದು ಉಸಿರಾಟದ ದಾರಿಯನ್ನೇ ಸುಡುತ್ತದೆ.

ಎಬಿಎಸ್‌ನ ದೊಡ್ಡ ಗುಣವೆಂದರೆ ಅದನ್ನು ಅದರಿಂದಲೇ ಬೆಸೆಯಬಹುದು. ಅದೇ ಜಾತಿಯ ಪ್ಲಾಸ್ಟಿಕ್‌ನ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಅಸಿಟೋನ್ ಹಾಕಿ ನೆನೆಸಿಟ್ಟರೆ ಗಟ್ಟಿ ಗಂಜಿಯಂಥ ಅಂಟು ಸಿದ್ಧವಾಗುತ್ತದೆ. ಬಿರುಕು ಮುಂದುವರಿಯದಂತೆ ಅದರ ತುದಿಯಲ್ಲಿ ಎರಡು ಮಿಲಿಮೀಟರಿನ ಸಣ್ಣ ರಂಧ್ರ ಕೊರೆದು, ಹಿಂಬದಿಯಿಂದ ಬಿರುಕಿನ ಉದ್ದಕ್ಕೂ ಇಳಿಜಾರು ಗೀರು ತೆಗೆದು, ಈ ಅಂಟನ್ನು ತೆಳುವಾಗಿ ಹಲವು ಸಲ ತುಂಬಿ, ಪ್ರತಿ ಸಲವೂ ಪೂರ್ತಿ ಆರಲು ಬಿಡಬೇಕು. ಒಮ್ಮೆಗೇ ದಪ್ಪವಾಗಿ ತುಂಬಿದರೆ ಒಳಗೆ ಸಿಕ್ಕಿಕೊಂಡ ಅಸಿಟೋನ್ ಮುಂಭಾಗವನ್ನು ಮೆತ್ತಗೆ ಮಾಡಿ ಕುಳಿ ಬೀಳಿಸುತ್ತದೆ. ಹೊರೆ ಬೀಳುವ ಜಾಗವಾದರೆ ಹಿಂದೆ ಫೈಬರ್‌ಗ್ಲಾಸ್ ಬಟ್ಟೆಯ ತುಂಡನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಕೂರಿಸುವುದು ಕ್ಷೇಮ. ಬಹಳ ಜನ ಕೈಗೆತ್ತಿಕೊಳ್ಳುವ ಸೂಪರ್ ಗ್ಲೂ ಒಣಗಿದ ಮೇಲೆ ಪೆಡಸಾಗುತ್ತದೆ, ಸುತ್ತಲೂ ಬಿಳಿ ಮಂಜು ಬಿಡುತ್ತದೆ. ತುಂಡುಗಳನ್ನು ತಾತ್ಕಾಲಿಕವಾಗಿ ಜೋಡಿಸಿ ಹಿಡಿಯುವುದಕ್ಕೆ ಹೊರತು ಅದು ದುರಸ್ತಿಯಲ್ಲ. ಪಾಲಿಪ್ರೊಪಿಲೀನ್‌ಗೆ ಈ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅದೇ ವಸ್ತುವಿನ ಕಡ್ಡಿಯನ್ನು ಬಿಸಿಗಾಳಿಯಿಂದ ಕರಗಿಸಿ ವೆಲ್ಡ್ ಮಾಡಬೇಕು. ಫೋಮಿನ ಮೇಲೆ ಪಿವಿಸಿ ಹೊದಿಸಿದ ಮೆತ್ತನೆಯ ಡ್ಯಾಶ್‌ಬೋರ್ಡಿನ ಕಥೆಯೇ ಬೇರೆ. ಪಿವಿಸಿಯನ್ನು ಮೃದುವಾಗಿಟ್ಟಿದ್ದ ಎಣ್ಣೆಯಂಥ ಪದಾರ್ಥ ವರ್ಷಗಳಲ್ಲಿ ಆವಿಯಾಗಿ ಹೋಗಿ ಹೊದಿಕೆ ಕುಗ್ಗಿರುತ್ತದೆ, ಅಲ್ಲಿ ಬಿರುಕು ತುಂಬಲು ಬಾಗುವ ಗುಣದ ಫಿಲ್ಲರ್ ಮಾತ್ರ ಬಾಳುತ್ತದೆ.

ಇನ್ನು ಮೇಲ್ಮೈಯ ವಿಚಾರ. ಡ್ಯಾಶ್‌ಬೋರ್ಡ್ ಹೊಳೆಯಲೆಂದು ವರ್ಷಗಟ್ಟಲೆ ಹಚ್ಚಿದ ಪಾಲಿಶ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ. ಅದು ಉಳಿದಿದ್ದರೆ ಹೊಸ ಬಣ್ಣ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಕುಳಿಗಳಾಗುತ್ತವೆ. ಸೋಪು ನೀರು, ಆಮೇಲೆ ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಣ, ಇವೆರಡರಿಂದ ತೊಳೆಯುವುದನ್ನು ಉಜ್ಜುವುದಕ್ಕೆ ಮೊದಲೇ ಮಾಡಬೇಕು. ಇಲ್ಲವಾದರೆ ಸ್ಯಾಂಡ್ ಪೇಪರೇ ಸಿಲಿಕೋನನ್ನು ಗೀರುಗಳೊಳಗೆ ತುಂಬುತ್ತದೆ.

ದುರಸ್ತಿಯಾದ ಭಾಗ ಕಣ್ಣಿಗೆ ಸಿಕ್ಕಿಬೀಳುವುದು ಹೆಚ್ಚಾಗಿ ಬಣ್ಣದಿಂದಲ್ಲ, ಮೇಲ್ಮೈಯ ಒರಟು ನೇಯ್ಗೆಯಿಂದ. ಚರ್ಮದಂತೆ ಕಾಣಲು ಅಚ್ಚಿನಲ್ಲೇ ಮೂಡಿಸಿದ ಗೆರೆಗಳು ಫಿಲ್ಲರ್ ತುಂಬಿ ಉಜ್ಜಿದ ಜಾಗದಲ್ಲಿ ಅಳಿಸಿಹೋಗಿರುತ್ತವೆ. ಬಿರುಕಿಲ್ಲದ ಜಾಗದ ಮೇಲೆ ಸಿಲಿಕೋನ್ ರಬ್ಬರು ಸುರಿದು ಆ ಗೆರೆಗಳ ಅಚ್ಚು ತೆಗೆದುಕೊಂಡು, ಇನ್ನೂ ಆರದ ಫಿಲ್ಲರಿನ ಮೇಲೆ ಒತ್ತಿದರೆ ಗೆರೆಗಳು ಸಾಕಷ್ಟು ನಿಜವಾಗಿ ಮರಳುತ್ತವೆ. ತಾಳ್ಮೆಯ ಕೆಲಸ ನಿಜ, ಆದರೆ ಈ ಇಡೀ ಕಸುಬಿನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಸಿಲಿಕೋನ್ ತಾಗಿದ ಆ ಜಾಗವನ್ನು ಬಣ್ಣಕ್ಕೆ ಮೊದಲು ಮತ್ತೊಮ್ಮೆ ತೊಳೆಯಬೇಕೆಂದು ಬೇರೆ ಹೇಳಬೇಕಿಲ್ಲ. ಕ್ರೋಮ್ ಲೇಪಿಸಿದ ಎಬಿಎಸ್ ಭಾಗಗಳಲ್ಲಿ ಮಾತ್ರ ಮುಂಬದಿಯನ್ನು ಮುಟ್ಟದೆ ಹಿಂಬದಿಯಿಂದ ಬಲಪಡಿಸಿ, ಕೂದಲೆಳೆಯಷ್ಟು ಸಣ್ಣ ಬಿರುಕಿನ ಗೆರೆಯನ್ನು ಹಾಗೆಯೇ ಬಿಡುವುದು ಲೇಸು. ತಾಮ್ರ, ನಿಕ್ಕಲ್, ಕ್ರೋಮ್ ಪದರಗಳ ಹೊಳಪನ್ನು ಸ್ಪ್ರೇ ಡಬ್ಬಿ ಕೊಡಲಾರದು.

ಬಣ್ಣ ಹೊಂದಿಸುವಾಗ ಬಿಸಿಲಿಗೆ ಮಾಸಿದ ಮುಂಭಾಗವನ್ನು ಮಾದರಿಯಾಗಿ ಇಟ್ಟುಕೊಳ್ಳದೆ, ಕ್ಲಿಪ್ಪಿನ ಅಡಿಯಲ್ಲೋ ಮತ್ತೊಂದು ಭಾಗದ ಮರೆಯಲ್ಲೋ ಉಳಿದಿರುವ ಮೂಲ ಬಣ್ಣವನ್ನು ನೋಡಬೇಕು. ಕಾರ್ಖಾನೆಯಲ್ಲಿ ಉಕ್ಕಿನ ಬಾಡಿಯನ್ನು 140 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿ ಬಣ್ಣ ಗಟ್ಟಿ ಮಾಡುತ್ತಾರೆ, ಎಬಿಎಸ್ ಆ ಶಾಖದಲ್ಲಿ ಸೊಟ್ಟಗಾಗುತ್ತದೆ. ಇಲ್ಲಿ 60 ಡಿಗ್ರಿ ಮೀರಬಾರದು. ತೀಕ್ಷ್ಣ ಥಿನ್ನರಿನ ಒದ್ದೆ ಪದರ ಎಬಿಎಸ್‌ನಲ್ಲಿ ಹೊಸ ಸೂಕ್ಷ್ಮ ಬಿರುಕುಗಳನ್ನು ಹುಟ್ಟಿಸಬಲ್ಲದು, ಆದ್ದರಿಂದ ಮೊದಲ ಪದರಗಳು ಹನಿಮಳೆಯಷ್ಟು ತೆಳುವಾಗಿರಲಿ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಬಣ್ಣಗಳಲ್ಲಿ ಸಾಮಾನ್ಯವಾಗಿ ಐಸೊಸೈನೇಟ್ ಇರುತ್ತದೆ. ಅದು ಅಸ್ತಮಾ ತರಬಲ್ಲ ರಾಸಾಯನಿಕ, ಬಟ್ಟೆಯ ಮುಖಗವಸು ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಪೂರೈಸುವ ಉಸಿರಾಟದ ಸಾಧನವಿಲ್ಲದವರು ಈ ಬಣ್ಣವನ್ನು ಮನೆಯಲ್ಲಿ ಸಿಂಪಡಿಸಬಾರದು. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಳೆಯುವ ಬಣ್ಣ ಬೇಡ, ಅದರ ಪ್ರತಿಬಿಂಬ ಮುಂಗಾಜಿನಲ್ಲಿ ಬಿದ್ದು ಚಾಲಕರ ನೋಟಕ್ಕೆ ಅಡ್ಡಿಯಾಗುತ್ತದೆ. ಮರುಜೋಡಣೆಯಲ್ಲಿ ಸ್ಕ್ರೂ ರಂಧ್ರಕ್ಕೆ ಕೊಂಚ ಸಡಿಲಿಕೆ, ಕೆಳಗೊಂದು ರಬ್ಬರ್ ವಾಷರ್ ಇರಲಿ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ರೂಪಿಸಿದ ಟ್ಯೂರಿನ್ ಸನ್ನದು ಮೂಲ ವಸ್ತುವನ್ನು ಆದಷ್ಟು ಉಳಿಸಿಕೊಳ್ಳುವುದಕ್ಕೆ ಮೊದಲ ಸ್ಥಾನ ಕೊಡುತ್ತದೆ. ಪ್ಲಾಸ್ಟಿಕ್ ಎಂಬ ಕಾರಣಕ್ಕೆ ಈ ತತ್ವದಿಂದ ವಿನಾಯಿತಿ ಇರಬಾರದು. ಹಿಂಬದಿಯಲ್ಲಿ ಅಚ್ಚಾದ ಭಾಗದ ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ವರ್ಷದ ಗುರುತುಗಳನ್ನು ಉಜ್ಜಿ ಅಳಿಸದಿರುವುದೂ ಅದಕ್ಕೆ ಸೇರಿದ್ದು.

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈ ಕೆಲಸವನ್ನು ಬಲ್ಲವರಿಂದ ಸಚಿತ್ರವಾಗಿ ಬರೆಸಬೇಕೆಂದು ಕೋರುತ್ತೇನೆ. ಬಣ್ಣ ತಯಾರಕರಿಗೂ ಒಂದು ಬೇಡಿಕೆಯಿದೆ. ಎಲ್ಲ ಬಗೆಯ ಪ್ಲಾಸ್ಟಿಕ್‌ಗೂ ಸೂಕ್ತ ಎಂದು ಡಬ್ಬಿಯ ಮೇಲೆ ಅಚ್ಚು ಹಾಕುವ ಬದಲು, ಒಳಗಿರುವುದು ಎಬಿಎಸ್‌ಗೆ ಹಿಡಿಯುವ ಬಣ್ಣವೇ, ಪಾಲಿಪ್ರೊಪಿಲೀನ್‌ಗೆ ಬೇಕಾದ ಅಂಟುವರ್ಧಕ ಪ್ರೈಮರನ್ನು ಮೊದಲು ಹೊಡೆಯಬೇಕೇ, ಮೃದು ಪಿವಿಸಿಯ ಮೇಲೆ ಅದು ಬಾಗುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ ಉತ್ತರ ಕೊಡಲಿ.

ಇತಿ ತಮ್ಮ ವಿಶ್ವಾಸಿ,
ಹಳೆಯ ಕಾರುಗಳ ಅಭಿಮಾನಿ ಓದುಗ