ಅಮ್ಮಂಗೆ, ಎದೆ ಡವಡವ ಅನ್ನೋದರ ಬಗ್ಗೆ

ಅಮ್ಮಾ,

ಫೋನಲ್ಲಿ ಈ ವಿಷಯ ಎತ್ತಿದ್ರೆ ಸಾಕು, ನೀನು "ಅದಿರ್ಲಿ ಬಿಡು, ನೀನು ಹೆಂಗಿದೀಯ ಹೇಳು" ಅಂತ ಮಾತು ತಿರುಗಿಸ್ಬಿಡ್ತೀಯ, ಅದಕ್ಕೇ ಕೂತು ಬರೀತಿದೀನಿ. ನಿಧಾನಕ್ಕೆ ಓದು, ಅಪ್ಪಂಗೂ ಓದಕ್ಕೆ ಕೊಡು. ಇಸಿಜಿ, ಎಕೋ ಎರಡೂ ನಾರ್ಮಲ್ ಅಂತ ಬಂದ್ಮೇಲೆ ಮನೇಲಿ ಎಲ್ರೂ "ಏನೂ ಇಲ್ವಂತೆ, ಸುಮ್ನೆ ಏನೇನೋ ತಲೆಗೆ ಹಚ್ಕೋತಾಳೆ" ಅಂತಿದಾರೆ ಅಂದ್ಯಲ್ಲ, ಕೇಳಿ ತುಂಬಾ ಬೇಜಾರಾಯ್ತು. ಹಾರ್ಟಿಗೆ ಏನೂ ಆಗಿಲ್ಲ ಅನ್ನೋದು ಬೇರೆ, ನಿಂಗೆ ಏನೂ ಆಗ್ತಿಲ್ಲ ಅನ್ನೋದು ಬೇರೆ. ಎದೆ ಹೊಡ್ಕೊಳೋದು, ಕೈ ನಡುಗೋದು, ಗಂಟಲಲ್ಲಿ ಏನೋ ಸಿಕ್ಕಾಕೊಂಡಂಗಾಗೋದು ಎಲ್ಲಾ ನಿಜವಾಗ್ಲೂ ಮೈಯಲ್ಲಿ ಆಗ್ತಿರೋದೇ.

ಅಪಾಯ ಇದೆ ಅಂತ ಮೆದುಳಿಗೆ ಅನ್ಸಿದ ಕೂಡ್ಲೆ, ಅದು ನಿಜಾನೋ ಸುಳ್ಳೋ ಅಂತ ನಾವು ಯೋಚಿಸೋ ಮುಂಚೇನೇ, ಕಿಡ್ನಿ ಮೇಲಿರೋ ಎರಡು ಪುಟ್ಟ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರತ್ತೆ. ಓಡು, ಇಲ್ಲಾ ಎದುರಿಸು ಅಂತ ಇಡೀ ಮೈನ ರೆಡಿ ಮಾಡತ್ತೆ. ಕೈಕಾಲಿಗೆ ರಕ್ತ ಜಾಸ್ತಿ ಬೇಕು ಅಂತ ಹಾರ್ಟ್ ಜೋರಾಗತ್ತೆ, ಮೈ ತಂಪಾಗ್ಲಿ ಅಂತ ಬೆವರು ಬರತ್ತೆ, ಜೀರ್ಣ ಆಮೇಲೆ ನೋಡ್ಕೊಳೋಣ ಅಂತ ಹೊಟ್ಟೆ ಕಡೆ ರಕ್ತ ಕಮ್ಮಿಯಾಗತ್ತೆ, ಅದಕ್ಕೇ ಹೊಟ್ಟೆ ತೊಳಸೋದು, ಬಾಯಿ ಒಣಗೋದು. ಇದು ಈಗಿನವರು ಕಟ್ಟಿದ ಕಥೆ ಅಂತ ಅಪ್ಪ ಅಂದ್ರೆ, ವಾಲ್ಟರ್ ಕ್ಯಾನನ್ ಅನ್ನೋ ಅಮೆರಿಕದ ವಿಜ್ಞಾನಿ 1915ರಲ್ಲೇ ಇದನ್ನ ಬರೆದಿಟ್ಟಿದಾನೆ ಅಂತ ಹೇಳು. ನಿಜವಾಗ್ಲೂ ಓಡ್ತಿದ್ರೆ ಇದೇ ಡವಡವಕ್ಕೆ ಯಾರೂ ಹೆದರಲ್ಲ, ನೀನು ಸುಮ್ನೆ ಕೂತಿರುವಾಗ ಬರತ್ತಲ್ಲ, ಅದಕ್ಕೇ ಏನೋ ಕಾಯಿಲೆ ಅನ್ಸೋದು.

ಬೆರಳು ಜುಮ್ ಜುಮ್ ಅಂದಾಗ ಲಕ್ವ ಹೊಡೀತೇನೋ ಅಂತ ಹೆದರ್ತೀಯಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಗಾಬರಿಯಾದಾಗ ಗೊತ್ತಿಲ್ದಂಗೆ ಉಸಿರು ಬೇಗ ಬೇಗ ಆಡತ್ತೆ, ಆಗ ಆಕ್ಸಿಜನ್ ಏನೂ ಕಮ್ಮಿಯಾಗಲ್ಲ, ಕಾರ್ಬನ್ ಡೈಆಕ್ಸೈಡ್ ಅಳತೆ ಮೀರಿ ಹೊರಗೆ ಹೋಗ್ಬಿಡತ್ತೆ. ಅದರಿಂದ ಮೆದುಳಿನ ರಕ್ತನಾಳ ಸ್ವಲ್ಪ ಬಿಗಿಯಾಗಿ ತಲೆ ತಿರುಗತ್ತೆ, ಬೆರಳ ತುದಿ, ತುಟಿ ಸುತ್ತ ಜುಮ್ ಅನ್ನತ್ತೆ. ಉಸಿರು ಸಾಲ್ತಿಲ್ಲ ಅನ್ಸಿ ಇನ್ನೂ ಜೋರಾಗಿ ಎಳ್ಕೊತೀವಿ, ಅದು ಇನ್ನೂ ಜಾಸ್ತಿಯಾಗತ್ತೆ. ನಂಗೂ ಇಲ್ಲಿಗೆ ಬಂದ ಹೊಸದ್ರಲ್ಲಿ ಹಿಂಗೇ ಆಗ್ತಿತ್ತಲ್ಲ, ಆಗ ನೋಡ್ತಿದ್ದ ಥೆರಪಿಸ್ಟ್ ಒಂದಿನ ನನ್ನ ಕೂರಿಸಿ ಒಂದು ನಿಮಿಷ ಬೇಕಂತಲೇ ಜೋರಾಗಿ ಉಸಿರಾಡ್ಸಿದ್ರು. ಮನಸ್ಸಲ್ಲಿ ಒಂಚೂರೂ ಭಯ ಇರ್ಲಿಲ್ಲ, ಆದ್ರೂ ಬೆರಳೆಲ್ಲಾ ಜುಮ್ ಅಂತು, ಮುಖ ಮರಗಟ್ಟಿದಂಗಾಯ್ತು, ನಿಧಾನಕ್ಕೆ ಉಸಿರಾಡಿದ್ಮೇಲೆ ತಾನಾಗೇ ಹೋಯ್ತು. ಅವತ್ತಿಂದ ಆ ಜುಮ್ ಬಂದ್ರೆ ನಂಗೆ ಭಯಾನೇ ಆಗಲ್ಲ. (ನೀನು ಒಬ್ಳೇ ಇದನ್ನ ಮಾಡಿ ನೋಡಕ್ಕೆ ಹೋಗ್ಬೇಡ.)

ಅಮ್ಮಾ, ನಿನ್ನ ಸುಸ್ತು ಮಾಡ್ತಿರೋದು ಆ ಡವಡವ ಒಂದೇ ಅಲ್ಲ, ಅದನ್ನ ಕಂಡ್ರೆ ಆಗೋ ಹೆದರಿಕೆ. ಎದೆ ಹೊಡ್ಕೊಳತ್ತೆ, ಏನೋ ಆಗ್ಬಿಡತ್ತೆ ಅನ್ಸತ್ತೆ, ಅದಕ್ಕೆ ಇನ್ನಷ್ಟು ಅಡ್ರಿನಲಿನ್, ಇನ್ನಷ್ಟು ಡವಡವ. ನೀನು ಬಿಪಿ ಮಷಿನ್ ಪಟ್ಟಿ ಸುತ್ಕೊಂಡು, ನಂಬರ್ ಬರೋವರೆಗೂ ಉಸಿರು ಬಿಗಿಹಿಡಿದು ಕೂರ್ತೀಯಂತೆ, ಜಾಸ್ತಿ ತೋರಿಸ್ತು ಅಂತ ತಕ್ಷಣ ಇನ್ನೊಂದ್ಸಲ ಹಾಕ್ತೀಯಂತೆ, ಅಪ್ಪ ಹೇಳಿದ್ರು. ಹಂಗೆ ನೋಡಿದ್ರೆ ಯಾರಿಗಾದ್ರೂ ಜಾಸ್ತೀನೇ ಬರೋದು. ಡಾಕ್ಟರ್ ಹೇಳಿದ ಟೈಮಿಗೆ ಮಾತ್ರ ನೋಡು, ಮಷಿನ್ ಅಪ್ಪನ ಹತ್ರ ಇರ್ಲಿ.

ಬಂದಾಗ ಏನ್ಮಾಡ್ಬೇಕು ಅಂದ್ರೆ, ಕೂತ್ಕೊ, ಭುಜ ಸಡಿಲ ಬಿಡು, ಮೂಗಲ್ಲಿ ನಾಲ್ಕು ಎಣಿಸ್ಕೊಂಡು ಉಸಿರು ತಗೋ, ಆರು ಎಣಿಸ್ಕೊಂಡು ಬಿಡು. ಬಿಡೋದು ಉದ್ದ ಇರ್ಬೇಕು, ಯಾಕಂದ್ರೆ ಉಸಿರು ಬಿಡುವಾಗ ಹಾರ್ಟ್ ಬಡಿತ ತಾನಾಗೇ ಸ್ವಲ್ಪ ನಿಧಾನ ಆಗತ್ತೆ. ಕವರ್ ಒಳಗೆ ಉಸಿರಾಡು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡ, ಅದು ಅಪಾಯ. ಮುಷ್ಟಿ ಐದು ಸೆಕೆಂಡ್ ಬಿಗಿಹಿಡಿದು ಬಿಡು, ಆಮೇಲೆ ಭುಜ, ಆಮೇಲೆ ಕಾಲು ಹಂಗೇ ಮಾಡು. ಜೋರು ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಕ್ಕೆ ಶುರುವಾಗತ್ತೆ, ನೀನು ಏನೂ ಮಾಡ್ದಿದ್ರೂ ಇಳಿಯತ್ತೆ, ಅದನ್ನ ಓಡಿಸಕ್ಕೆ ಹೋಗ್ಬೇಡ, ಬಂದು ಹೋಗ್ಲಿ. ಇನ್ನೊಂದು, ಬಂದ್ಬಿಡತ್ತೇನೋ ಅಂತ ಹೊರಗೆ ಹೋಗೋದು ನಿಲ್ಲಿಸ್ಬೇಡ, ನಿಲ್ಲಿಸಿದಷ್ಟೂ ಭಯ ಬೆಳೆಯತ್ತೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಕೆಫೀನ್ ಅರ್ಧ ಇಳಿಯಕ್ಕೇ ಸುಮಾರು ಐದು ಗಂಟೆ ಬೇಕು.

ಆದ್ರೆ ಎಲ್ಲಾನೂ ಗಾಬರಿ ಲೆಕ್ಕಕ್ಕೆ ಹಾಕ್ಬೇಡಿ. ಎದೆ ಮೇಲೆ ಭಾರ ಹೇರಿದಂಗೆ ನೋವು, ಅದು ಕೈಗೋ ದವಡೆಗೋ ಹರಡಿದ್ರೆ, ನಡೆದಾಗ ನೋವು ಬಂದು ನಿಂತಾಗ ಕಮ್ಮಿಯಾದ್ರೆ, ಪ್ರಜ್ಞೆ ತಪ್ಪಿದ್ರೆ, ಬಾಯಿ ಸೊಟ್ಟಗಾದ್ರೆ, ಒಂದೇ ಕಡೆ ಕೈಕಾಲು ಬಲ ಇಲ್ದಂಗಾದ್ರೆ, ಆಗ ಉಸಿರಾಟ ಗಿಸಿರಾಟ ಅಂತ ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಜಾಸ್ತಿಯಿದ್ರೂ, ರಕ್ತ ಕಮ್ಮಿಯಿದ್ರೂ ಎದೆ ಹೊಡ್ಕೊಳತ್ತೆ, ಅದೆರಡೂ ಟೆಸ್ಟ್ ಮಾಡ್ಸು. ಅದೂ ಸರಿಯಿದ್ದು ಪದೇ ಪದೇ ಬರ್ತಿದ್ರೆ ಸೈಕಿಯಾಟ್ರಿಸ್ಟ್ ಹತ್ರ ಹೋಗೋಣ, ಯಾರು ಏನಂತಾರೋ ಅನ್ಬೇಡ. ಇದಕ್ಕೆ ಸಿಬಿಟಿ ಅಂತ ಮಾತಿನ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡತ್ತೆ, ಮಾತ್ರೆ ಬೇಕಾದ್ರೆ ಅದು ಹಿಡಿಯಕ್ಕೆ ಕೆಲವು ವಾರ ಬೇಕಾಗತ್ತೆ, ಮಧ್ಯದಲ್ಲಿ ಬಿಡೋ ಹಂಗಿಲ್ಲ. ಯಾರದೋ ನಿದ್ದೆ ಮಾತ್ರೆ ಇಸ್ಕೊಂಡು ಮಾತ್ರ ತಗೋಬೇಡ.

ಅಪ್ಪಾ, ಇದು ನಿಮಗೆ. ಅಮ್ಮಂಗೆ ಹಂಗಾದಾಗ "ಧೈರ್ಯ ತಗೋ" ಅನ್ನೋ ಬದ್ಲು ಪಕ್ಕ ಕೂತು ನೀವೂ ಜೊತೇಲಿ ಉಸಿರು ಎಣಿಸಿ.

ಟೆಸ್ಟ್ ರಿಪೋರ್ಟ್ ಬಂದ ತಕ್ಷಣ ಫೋಟೋ ತೆಗೆದು ಕಳ್ಸು. ರಾತ್ರಿ ಗಾಬರಿಯಾದ್ರೆ ಫೋನ್ ಮಾಡು, ನಂಗೆ ಆಗಿನ್ನೂ ಸಂಜೆ, ಎದ್ದೇ ಇರ್ತೀನಿ.

ನಿನ್ನ ಮಗಳು