ಕೆನಡಾ ಆಶ್ರಯ ಅರ್ಜಿಗಳ ದಾಖಲೆ ಭಾಷಾಂತರ: ಮುಂದಿನ 1ನೇ ತಾರೀಖಿನಿಂದ ಬದಲಾವಣೆ

ಮಾನ್ಯ ಗ್ರಾಹಕರೇ,

ಧರ್ಮದ ಕಾರಣಕ್ಕೆ ಕಿರುಕುಳವಿದೆ ಎಂದು ಕೆನಡಾದಲ್ಲಿ ಆಶ್ರಯ ಕೇಳಿ, ಅರ್ಜಿ ತಿರಸ್ಕೃತವಾಗಿ, ಅಲ್ಲಿನ ಫೆಡರಲ್ ಕೋರ್ಟಿಗೆ ಹೋಗುವವರ ಕಾಗದಪತ್ರಗಳನ್ನು ಮುಂದಿನ 1ರಿಂದ ಸರದಿಯಲ್ಲಿ ಇಡುವುದಿಲ್ಲ. ಬಂದ ದಿನವೇ ಕೈಗೆತ್ತಿಕೊಂಡು ಮೂರು ಕೆಲಸದ ದಿನಗಳಲ್ಲಿ ಕೊಡುತ್ತೇವೆ. ಪುಟದ ದರ ಹಳೆಯದೇ.

ಕೆನಡಾದೊಳಗೆ ಆದ ತೀರ್ಮಾನ ಕೈಸೇರಿದ 15 ದಿನಗಳಲ್ಲಿ ನ್ಯಾಯಾಂಗ ಪರಿಶೀಲನೆಗೆ ಅನುಮತಿ ಕೋರಬೇಕು. ಅನುಮತಿ ಸಿಗದಿದ್ದರೆ ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಆದೇಶದ ಪ್ರತಿ ಮತ್ತು ಅದು ಕೈಸೇರಿದ ತಾರೀಖನ್ನು ಅಲ್ಲಿರುವ ಮಗನಿಂದಲೋ ಮಗಳಿಂದಲೋ ವಾಟ್ಸಾಪಿನಲ್ಲಿ ತರಿಸಿಕೊಂಡೇ ಬನ್ನಿ.

ಎರಡನೆಯ ಬದಲಾವಣೆ ಕೆಲವರಿಗೆ ಬೇಸರ ತರಬಹುದು. ಕೋರ್ಟಿಗೆಂದು ಹೊಸದಾಗಿ ಬರೆಸಿದ ಪತ್ರಗಳನ್ನು ಅಲ್ಲಿನ ವಕೀಲರ ಲಿಖಿತ ಸೂಚನೆ ಇಲ್ಲದೆ ತೆಗೆದುಕೊಳ್ಳುವುದಿಲ್ಲ. ಕೋರ್ಟು ಕೇಸನ್ನು ಮೊದಲಿನಿಂದ ಕೇಳುವುದಿಲ್ಲ. ಆಶ್ರಯ ಅರ್ಜಿಯನ್ನು ತೀರ್ಮಾನಿಸುವ ಅಲ್ಲಿನ ವಲಸೆ ಮತ್ತು ನಿರಾಶ್ರಿತರ ಮಂಡಳಿಯ ಮುಂದಿದ್ದ ಕಾಗದಗಳ ಮೇಲೆ ಆ ತೀರ್ಮಾನ ಸಮಂಜಸವೇ ಎಂದಷ್ಟೇ ನೋಡುತ್ತದೆ. ಗೆದ್ದರೂ ಸಾಮಾನ್ಯವಾಗಿ ಆಶ್ರಯ ನೇರವಾಗಿ ಸಿಗುವುದಿಲ್ಲ, ಕೇಸು ಮತ್ತೆ ಮಂಡಳಿಗೆ ಹೋಗುತ್ತದೆ. ಕೋರ್ಟಿಗೂ ಮುಂಚಿನ ಹಂತವಾದ ಮಂಡಳಿಯ ಅಪೀಲು ವಿಭಾಗದಲ್ಲೂ ಅರ್ಜಿದಾರರು ಕೊಡುವ ಹೊಸ ಕಾಗದಕ್ಕೆ ಮಿತಿಯಿದೆ: ತಿರಸ್ಕಾರದ ನಂತರ ಹುಟ್ಟಿದ್ದು, ಮೊದಲು ಸಿಗುವಂತಿರಲಿಲ್ಲ ಅಥವಾ ಆಗಲೇ ಕೊಡಬೇಕಿತ್ತು ಎಂದು ನಿರೀಕ್ಷಿಸುವಂತಿರಲಿಲ್ಲ ಎನ್ನುವಂಥದ್ದೇ ಆಗಬೇಕು. ಮೊದಲ ವಿಚಾರಣೆ ಇನ್ನೂ ಆಗದವರು ದಯವಿಟ್ಟು ಈಗಲೇ ಬನ್ನಿ. ಗಟ್ಟಿ ಕಾಗದ ಸೇರಬೇಕಾದ ಜಾಗ ಅದೇ.

ವಿಚಾರಣೆಯ ದುಭಾಷಿ ತಪ್ಪು ಹೇಳಿದ್ದರೆ ಮಾತು ಬೇರೆ. ಆಡಿಯೋ ತರಿಸಿ, ಯಾವ ನಿಮಿಷದಲ್ಲಿ ಕನ್ನಡದಲ್ಲಿ ಏನು ಹೇಳಿದರು, ಇಂಗ್ಲಿಷಿಗೆ ಏನಾಯಿತು ಎಂಬ ಪಟ್ಟಿ ಮಾಡಿಕೊಡುತ್ತೇವೆ. ಆದರೆ ಆಕ್ಷೇಪವನ್ನು ಸಾಧ್ಯವಾದ ಮೊದಲ ಅವಕಾಶದಲ್ಲೇ ಎತ್ತಿರಬೇಕು.

ಎಫ್‌ಐಆರ್‌ನ ಭಾಷಾಂತರದಲ್ಲಿ ಇನ್ನು ಮುಂದೆ ಕಲಂ ಸಂಖ್ಯೆಯ ಪಕ್ಕ ಕಾಯ್ದೆಯ ಪೂರ್ಣ ಹೆಸರು ಹಾಕುತ್ತೇವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಕಲಂ 302 ಎಂದರೆ ಧಾರ್ಮಿಕ ಭಾವನೆ ನೋಯಿಸುವ ಮಾತು. ಹಳೆಯ ದಂಡ ಸಂಹಿತೆಯಲ್ಲಿ ಅದೇ 302 ಕೊಲೆಗೆ ಶಿಕ್ಷೆ. ಬರೀ "302" ಎಂದು ಟೈಪಾದರೆ ಕೆನಡಾದಲ್ಲಿ ಓದುವವರು ಏನೆಂದುಕೊಳ್ಳಬೇಕು? ದೂರಿಗೆ ಪೊಲೀಸರು ಬರೆದುಕೊಟ್ಟ ಉತ್ತರವಾದ ಹಿಂಬರಹವನ್ನು ಎಫ್‌ಐಆರ್ ಎಂದು ಬರೆಯುವುದೂ ಅಷ್ಟೇ ಅಪಾಯ. ಅರ್ಜಿದಾರರ ಹೇಳಿಕೆಗೂ ಕಾಗದಕ್ಕೂ ತಾಳೆಯಾಗದೆ ನಂಬಿಕೆಯೇ ಹೋಗುತ್ತದೆ. 04/07 ಎಂಬ ತಾರೀಖನ್ನು ಅಲ್ಲಿ ಏಪ್ರಿಲ್ 7 ಎಂದು ಓದಬಹುದು, ಆದ್ದರಿಂದ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇವೆ.

ಭಾರತದ ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವುದು "ಮುಂಬೈಗೋ ದೆಹಲಿಗೋ ಹೋಗಿ ಸುರಕ್ಷಿತವಾಗಿ ಇರಬಹುದಲ್ಲ" ಎಂಬ ಪ್ರಶ್ನೆಯಲ್ಲಿ. ಮನೆಯವರ ಪತ್ರದಲ್ಲಿ "ಹುಡುಕಿಕೊಂಡು ಬಂದಿದ್ದರು" ಎಂದಷ್ಟೇ ಇದ್ದರೆ ಸಾಲದು: ಯಾರು, ಯಾವತ್ತು, ಯಾವ ಊರಿಗೆ, ಏನು ಕೇಳಿದರು ಎಂಬುದನ್ನು ಬರೆದವರೇ ಬರೆದಿರಬೇಕು. "ಸ್ವಲ್ಪ ಜೋರಾಗಿ ಬರೀರಿ ಸಾರ್" ಎಂದು ಕೇಳುವವರಿದ್ದಾರೆ. ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೂ ಪತ್ರ ಬರೆದವರು ಹೇಳದ ಒಂದು ಪದವನ್ನೂ ಸೇರಿಸುವುದಿಲ್ಲ. ಒಂದು ಕಡೆ ಹೆಚ್ಚಿಸಿದ್ದು ಗೊತ್ತಾದರೆ ಉಳಿದ ನಿಜವನ್ನೂ ಅನುಮಾನಿಸುತ್ತಾರೆ.

ಪ್ರತಿ ಭಾಷಾಂತರದ ಜೊತೆ ಭಾಷಾಂತರಕಾರರ ಹೆಸರು, ಮೂಲ ಭಾಷೆ, ನಿಖರತೆಯ ಘೋಷಣೆ, ಸಹಿ ಇರುತ್ತವೆ. ವಕೀಲರು ಕೇಳಿದರೆ ಅಫಿಡವಿಟ್ಟೂ ಕೊಡುತ್ತೇವೆ. ಮೂಲ ಕಾಗದವನ್ನೇ ತನ್ನಿ, ಮಸುಕಾದ ಜೆರಾಕ್ಸಿನಲ್ಲಿ ಠಾಣೆಯ ಮೊಹರು ಓದಲಾಗುವುದಿಲ್ಲ. ಸ್ಕ್ಯಾನ್ ಮಾಡಿಕೊಂಡು ಅಲ್ಲೇ ವಾಪಸು ಕೊಡುತ್ತೇವೆ.

ಇಂತಿ,
ಭಾಷಾಂತರ ವಿಭಾಗದವರು, ಕೋಲಾರ